ಅಂತೆಕಂತೆ ಬೇಡದ ಯಂತ್ರಗಳು

ಡಮಾಸ್ಕಸ್ಸಿನ ಒಂದು ಸಂತೆಬೀದಿ. 1191, ಮೂರನೆಯ ಕ್ರುಸೇಡ್ ಯುದ್ಧದ ದಿನಗಳು. ಬಿಳಿ ಮುಸುಕಿನ ಕೊಲೆಗಾರ ಅಲ್ತಾಯಿರ್ ಗುಂಪಿನ ನಡುವೆ ದಾರಿ ಬಿಡಿಸಿಕೊಂಡು ನಡೆದಿದ್ದಾನೆ. ಅವನನ್ನು ನಡೆಸುತ್ತಿರುವ ಆಟಗಾರ, ಕೈತಪ್ಪಿಯೋ ಏನಾಗುತ್ತದೆ ನೋಡೋಣವೆಂದೋ, ಎದುರಿಗೆ ಬಂದ ಪಾಪದವನೊಬ್ಬನನ್ನು ಇರಿದುಬಿಡುತ್ತಾನೆ. ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ: ಅಲ್ತಾಯಿರ್ ಸಾಮಾನ್ಯ ಜನರನ್ನು ಕೊಂದಿರಲಿಲ್ಲ. ಕೊಂದದ್ದು ಪಾಪ ಎಂದು ಯಾರೂ ಹೇಳುವುದಿಲ್ಲ. ಹಾಗೆ ನಡೆದಿರಲಿಲ್ಲ ಎನ್ನುತ್ತಾರೆ, ಅಷ್ಟೆ. ಮತ್ತೆ ಮತ್ತೆ ಹಾಗೇ ಮಾಡಿದರೆ ದೃಶ್ಯ ಚೂರಾಗಿ ಒಡೆದು ಆಟ ಹಿಂದಕ್ಕೆ ಹೋಗುತ್ತದೆ. ಪಾಪಕ್ಕಲ್ಲ, ಪಾಠಾಂತರಕ್ಕೆ ಶಿಕ್ಷೆ.

2007ರಲ್ಲಿ ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೊ ತಂದ ‘ಅಸ್ಯಾಸಿನ್ಸ್ ಕ್ರೀಡ್’ ಆಟ ಇದು. ಧರ್ಮಯುದ್ಧದ ಕಥೆಗೆ ಇದರಲ್ಲಿ ಹೊರಗಿನದೊಂದು ಚೌಕಟ್ಟಿದೆ. ನಮ್ಮ ಕಾಲದ ಡೆಸ್ಮಂಡ್ ಮೈಲ್ಸ್ ಎಂಬ ಬಾರ್ ನೌಕರನನ್ನು ಆಬ್‌ಸ್ಟರ್ಗೊ ಎಂಬ ಕಂಪನಿ ಹೊತ್ತು ತಂದು, ಆನಿಮಸ್ ಎಂಬ ಯಂತ್ರದ ಮೇಲೆ ಮಲಗಿಸಿದೆ. ಪೂರ್ವಿಕರು ಕಂಡುಂಡದ್ದೆಲ್ಲ ನಮ್ಮ ವಂಶವಾಹಿಯಲ್ಲಿ ನೆನಪಾಗಿ ಉಳಿದಿರುತ್ತದೆ, ಆನಿಮಸ್ ಅದನ್ನು ಓದಿ ಕಣ್ಣೆದುರು ಕಟ್ಟುತ್ತದೆ ಎನ್ನುವುದು ಕಲ್ಪನೆ. ಜೀವವಿಜ್ಞಾನದಲ್ಲಿ ಇದಕ್ಕೆ ಆಧಾರ ಹುಡುಕುವುದು ಬೇಡ. ಕಥೆಗೆ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದೇ ಸ್ವಾರಸ್ಯ. ವಿಡಿಯೊ ಗೇಮುಗಳಿಗೆ ಹುಟ್ಟಿನಿಂದ ಅಂಟಿಬಂದ ಎಡವಟ್ಟುಗಳಿಗೆಲ್ಲ ಇಲ್ಲಿ ಒಂದೇ ಏಟಿಗೆ ಸಮಜಾಯಿಷಿ ಸಿಕ್ಕಿಬಿಡುತ್ತದೆ. ನಾಯಕನ ಪ್ರಾಣ ತೋರಿಸುವ ಪಟ್ಟಿ ಇದೆಯಲ್ಲ, ಅದು ಪೂರ್ವಿಕನ ನೆನಪಿಗೆ ಡೆಸ್ಮಂಡ್ ಎಷ್ಟು ಹೊಂದಿಕೊಂಡಿದ್ದಾನೆ ಎಂಬುದರ ಅಳತೆ. ಸತ್ತರೆ ಮತ್ತೆ ಶುರುಮಾಡಬಹುದು, ಏಕೆಂದರೆ ಸತ್ತದ್ದು ಅವನಲ್ಲ, ಹೊಂದಾಣಿಕೆ. ಊರಿನ ಅಂಚಿನಲ್ಲಿ ಕಾಣದ ಗೋಡೆ ತಡೆದರೆ ಆ ನೆನಪಿನ್ನೂ ತೆರೆದಿಲ್ಲ. ಹನ್ನೆರಡನೆಯ ಶತಮಾನದ ಸಿರಿಯಾದವರು ಇಂಗ್ಲಿಷ್ ಮಾತಾಡುತ್ತಾರೆಯೇ? ಯಂತ್ರ ಅನುವಾದಿಸುತ್ತಿದೆ.

ಇಷ್ಟು ಜಾಣ ಉಪಾಯವನ್ನು ಮೆಚ್ಚದಿರಲು ಆಗುವುದಿಲ್ಲ. ನನಗಿರುವ ತಕರಾರು ಆ ಜಾಣತನದ ಒಳಗೇ ಇದೆ. ಅದನ್ನು ಹೇಳಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಅದೇ ಸ್ಟುಡಿಯೊ 2003ರಲ್ಲಿ ‘ಪ್ರಿನ್ಸ್ ಆಫ್ ಪರ್ಶಿಯಾ: ದ ಸ್ಯಾಂಡ್ಸ್ ಆಫ್ ಟೈಮ್’ ತಂದಿತ್ತು. ಕಥೆ ಬರೆದವರು ಜೋರ್ಡನ್ ಮೆಕ್ನರ್. ಎರಡೂ ಆಟಗಳ ಸೃಜನಶೀಲ ಹೊಣೆ ಹೊತ್ತವರು ಪತ್ರೀಸ್ ದೆಸಿಲೆ. ‘ಅಸ್ಯಾಸಿನ್ಸ್ ಕ್ರೀಡ್’ ಮೊಳೆತದ್ದೇ ‘ಪ್ರಿನ್ಸ್’ ಸರಣಿಯ ಒಂದು ಕವಲಾಗಿ. ಆ ಹಳೆಯ ಆಟದಲ್ಲಿ ಪರ್ಷಿಯಾದ ರಾಜಕುಮಾರ ಇಡೀ ಕಥೆಯನ್ನು ಯಾರಿಗೋ ಹೇಳುತ್ತಿರುತ್ತಾನೆ. ಕೇಳುತ್ತಿರುವವರು ಯಾರೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಆಟಗಾರನ ಕಾಲು ಜಾರಿ ರಾಜಕುಮಾರ ಬಿದ್ದು ಸತ್ತರೆ, ಅವನದೇ ದನಿ ತಡೆದು ಹೇಳುತ್ತದೆ: ಇಲ್ಲ ಇಲ್ಲ, ಹಾಗಾಗಲಿಲ್ಲ, ಮತ್ತೆ ಹೇಳುತ್ತೇನೆ. ಅಂದರೆ ಸಾವು ಹೇಳುವವನ ಬಾಯ್ತಪ್ಪು. ಅಜ್ಜಿ ಕಥೆಯ ನಡುವೆ ಹೆಸರು ಅದಲುಬದಲು ಮಾಡಿ, ಮೊಮ್ಮಗು ಹಿಡಿದಾಗ ತಿದ್ದಿಕೊಳ್ಳುವಂಥ ತಪ್ಪು. ನಾಲ್ಕು ವರ್ಷದ ನಂತರ ಅದೇ ಜನ, ಅದೇ ಉಪಾಯವನ್ನು, ಹೇಳುವವನ ಬಾಯಿಂದ ತೆಗೆದು ಯಂತ್ರದ ಪರದೆಗೆ ಹಾಕಿದರು. ‘ಹಾಗಾಗಲಿಲ್ಲ’ ಎಂಬ ಮಾತು ಎರಡರಲ್ಲೂ ಇದೆ. ಒಂದರಲ್ಲಿ ಅದನ್ನು ಆಡುವವನೊಬ್ಬನಿದ್ದಾನೆ. ಇನ್ನೊಂದರಲ್ಲಿ ಯಾರೂ ಇಲ್ಲ.

ಕನ್ನಡದ ಕಿವಿಗೆ ಈ ವ್ಯತ್ಯಾಸ ಬೇಗ ತಟ್ಟಬೇಕು. ‘ಅವನು ಬಂದ’ ಎಂದರೆ ನಾನು ಕಂಡದ್ದು, ‘ಬಂದನಂತೆ’ ಎಂದರೆ ಕೇಳಿದ್ದು. ಎರಡೇ ಅಕ್ಷರದಲ್ಲಿ ಸಾಕ್ಷಿಯ ಬಗೆ ಬದಲಾಗುತ್ತದೆ. ಮಾತಿನ ಹೊಣೆ ಯಾರದು ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ: ಯಾರು ಹೇಳಿದರು, ನಿನಗೆ ಹೇಗೆ ಗೊತ್ತು? ಅಂತೆಕಂತೆ ಎಂದು ಹೀಗಳೆಯುತ್ತೇವಾದರೂ ಕಳೆದುಹೋದ ಕಾಲವೆಂಬುದು ನಮಗೆ ದಕ್ಕುವುದು ಬಹುಮಟ್ಟಿಗೆ ಆ ಎರಡಕ್ಷರದ ಮೂಲಕವೇ. ಶಾಸನವನ್ನು ಒಬ್ಬ ಕೆತ್ತಿಸಿದ. ಬಖೈರನ್ನು ಒಬ್ಬ ಬರೆಸಿದ. ಇತಿಹಾಸಕಾರನ ಕಸುಬು ಈ ‘ಅಂತೆ’ಗಳನ್ನು ಒಂದಕ್ಕೊಂದು ಒರೆ ಹಚ್ಚಿ ನೋಡುವುದು. ಆನಿಮಸ್ ಆ ಕಸುಬನ್ನೇ ತೆಗೆದುಹಾಕುತ್ತದೆ. ಅದು ಕೊಡುವ ಹಳೆಯ ಕಾಲದಲ್ಲಿ ‘ಅಂತೆ’ ಇಲ್ಲ, ‘ಇರಬಹುದು’ ಇಲ್ಲ. ‘ಇತ್ತು’ ಮಾತ್ರ ಇದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಅಲ್ತಾಯಿರ್ ಕೊಲ್ಲಬೇಕಾದವರು ಒಂಬತ್ತು ಜನ. ಒಬ್ಬೊಬ್ಬನನ್ನು ಕೊಂದಾಗಲೂ ಸುತ್ತಲಿನ ಊರು ಕರಗಿ ಒಂದು ಶೂನ್ಯ ಉಳಿಯುತ್ತದೆ. ಅಲ್ಲಿ ಸಾಯುತ್ತಿರುವವನು ತನ್ನ ಕಡೆಯ ಮಾತು ಹೇಳಿಕೊಳ್ಳುತ್ತಾನೆ. ಆಕ್ರೆಯಲ್ಲಿ ಹುಚ್ಚರ ಮೇಲೆ ಕ್ರೂರ ಪ್ರಯೋಗ ನಡೆಸುತ್ತಿದ್ದ ಗಾರ್ನಿಯೆ, ನಾನು ಅವರನ್ನು ಗುಣಪಡಿಸುತ್ತಿದ್ದೆ ಎನ್ನುತ್ತಾನೆ. ಅಲ್ತಾಯಿರನ ಗುರು ಹೇಳಿ ಕಳಿಸಿದ್ದ ಕಥೆಗೂ ಇದಕ್ಕೂ ತಾಳೆಯಾಗುವುದಿಲ್ಲ. ಎಲ್ಲವನ್ನೂ ಕಂಡ ಯಂತ್ರದೊಳಗೂ ಕೊನೆಗೆ ‘ಅವನು ಹೀಗೆ ಹೇಳಿದ’ ಎನ್ನುವುದು ನುಸುಳಿಯೇ ಬಿಟ್ಟಿತು. ಆಟದ ಅತ್ಯುತ್ತಮ ಗಳಿಗೆಗಳು ಇವೇ. ನಂತರದ ಕಂತುಗಳಲ್ಲಿ ಊರುಗಳು ಬೆಳೆದವು, ಬೆಡಗು ಹೆಚ್ಚಿತು. ಈ ಅನುಮಾನ ಮಾತ್ರ ಅದೇ ಹದದಲ್ಲಿ ಬೆಳೆಯಲಿಲ್ಲ.

ಬೆಡಗಿನ ವಿಷಯಕ್ಕೆ ಪ್ಯಾರಿಸ್ಸಿನ ಉದಾಹರಣೆ ಸಾಕು. 2014ರ ‘ಯೂನಿಟಿ’ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ನಡೆಯುತ್ತದೆ. ಅದರಲ್ಲಿನ ನೋತ್ರದಾಮ್ ಚರ್ಚನ್ನು ಕಟ್ಟಲು ಕಲಾವಿದೆಯೊಬ್ಬರು ಎರಡು ವರ್ಷದಷ್ಟು ಕಾಲ ಕೆಲಸ ಮಾಡಿದ್ದರು. ಆ ಚರ್ಚಿನ ನೆತ್ತಿಯ ಮೇಲೊಂದು ಚೂಪು ಶಿಖರವಿದೆ. ಅದು ವಾಸ್ತುಶಿಲ್ಪಿ ವಿಯೊಲೆ ಲ ದ್ಯೂಕ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಎತ್ತಿದ್ದು. ಕ್ರಾಂತಿಯ ಕಾಲದ ಜನ ಅದನ್ನು ಕಂಡಿರುವುದು ಸಾಧ್ಯವೇ ಇಲ್ಲ. ಆದರೆ ಶಿಖರವಿಲ್ಲದ ನೋತ್ರದಾಮ್ ಆಟಗಾರನ ಕಣ್ಣಿಗೆ ನೋತ್ರದಾಮ್ ಅನ್ನಿಸುವುದಿಲ್ಲ. ಹಾಗಾಗಿ ಶಿಖರ ಉಳಿಯಿತು. 2019ರ ಏಪ್ರಿಲ್ 15ರಂದು ನಿಜವಾದ ಚರ್ಚಿಗೆ ಬೆಂಕಿ ಬಿದ್ದು ನಿಜವಾದ ಶಿಖರ ಉರುಳಿದಾಗ, ಆಟದ ಮಾದರಿ ಮರುನಿರ್ಮಾಣಕ್ಕೆ ನೆರವಾಗುತ್ತದೆ ಎಂಬ ಸುದ್ದಿ ಲೋಕದ ತುಂಬ ಹಬ್ಬಿತು. ಯೂಬಿಸಾಫ್ಟ್ ಐದು ಲಕ್ಷ ಯೂರೊ ದೇಣಿಗೆ ಕೊಟ್ಟು, ಒಂದು ವಾರ ಆ ಆಟವನ್ನು ಪುಕ್ಕಟೆ ಹಂಚಿತು. ದೊಡ್ಡ ಮನಸ್ಸೇ. ಆದರೆ ಚರ್ಚಿನ ಖಚಿತ ಅಳತೆಗಳು ಇದ್ದದ್ದು ಬೇರೆ ಕಡೆ: ಕಲಾ ಇತಿಹಾಸಕಾರ ಆಂಡ್ರೂ ಟ್ಯಾಲನ್ 2010ರಲ್ಲಿ ಲೇಸರ್ ಹಿಡಿದು ನೂರು ಕೋಟಿಗೂ ಮೀರಿ ಬಿಂದುಗಳಲ್ಲಿ ಅದನ್ನು ಅಳೆದಿಟ್ಟಿದ್ದರು. ಬೆಂಕಿ ಬೀಳುವ ಕೆಲವು ತಿಂಗಳ ಹಿಂದೆ ತೀರಿಕೊಂಡರು. ಅವರ ಅಳತೆಗೆ ಕಥೆ ಗೊತ್ತಿಲ್ಲ. ಅಂದು ಏನಿತ್ತೋ ಅದನ್ನಷ್ಟೇ ಹೇಳುತ್ತದೆ. ಕಥೆ ಗೊತ್ತಿದ್ದ ಮಾದರಿ ನಮಗೆ ಬೇಕಾದ ಶಿಖರವನ್ನು ಅರವತ್ತು ಎಪ್ಪತ್ತು ವರ್ಷ ಮೊದಲೇ ಏರಿಸಿಬಿಟ್ಟಿತ್ತು.

ಆಟಗಳು ತಪ್ಪು ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಐತಿಹಾಸಿಕ ಕಾದಂಬರಿಯೂ ತಪ್ಪು ಮಾಡುತ್ತದೆ. ಆದರೆ ಕಾದಂಬರಿಯ ಮುಖಪುಟದಲ್ಲಿ ಲೇಖಕನ ಹೆಸರಿರುತ್ತದೆ, ಜಗಳವಾಡಲು ಒಬ್ಬ ಮನುಷ್ಯ ಸಿಗುತ್ತಾನೆ. ಇಲ್ಲಿ ಕಥೆಯೊಳಗಿನ ಯಂತ್ರ, ಇದು ರಕ್ತದಲ್ಲೇ ಬರೆದಿತ್ತು ಎಂದು ಆಣೆ ಮಾಡುತ್ತದೆ.

ಈ ರಕ್ತದ ಮಾತು ಇನ್ನೊಂದು ಕಡೆ ತೊಡಕಾಯಿತು. ನೆನಪು ವಂಶದಲ್ಲಿ ಹರಿಯುತ್ತದೆ ಎಂದಮೇಲೆ ವಂಶ ಬೆಳೆಯಲೇಬೇಕು. ಇದೇ ಸರಣಿಯ ‘ಒಡಿಸ್ಸಿ’ಯ ನಾಯಕ ಅಥವಾ ನಾಯಕಿ ಯಾರನ್ನು ಪ್ರೀತಿಸಬೇಕೆಂಬುದು ಆಟಗಾರನಿಗೆ ಬಿಟ್ಟದ್ದು ಎಂದು ಸಾರಿದ್ದ ಕಂಪನಿ, 2019ರ ಜನವರಿಯ ಸೇರ್ಪಡೆ ಕಂತಿನಲ್ಲಿ ಎಲ್ಲರಿಗೂ ಗಂಡುಹೆಣ್ಣಿನ ಸಂಸಾರ ಕಟ್ಟಿ ಮಗು ಹುಟ್ಟಿಸಿಬಿಟ್ಟಿತು. ಸಲಿಂಗ ಪ್ರೇಮದ ದಾರಿ ಆರಿಸಿಕೊಂಡಿದ್ದ ಆಟಗಾರರು ಸಿಟ್ಟಿಗೆದ್ದರು, ಕಂಪನಿ ಕ್ಷಮೆ ಕೇಳಿತು. ಬರಹಗಾರರ ದುರ್ಬುದ್ಧಿಗಿಂತ ಹೆಚ್ಚಾಗಿ ಇದು ಯಂತ್ರದ ತರ್ಕ. ಹಳೆಯ ಕಾಲವನ್ನು ರಕ್ತದ ಆಸ್ತಿ ಮಾಡಿದರೆ ಮಕ್ಕಳಿಲ್ಲದವರು ಇತಿಹಾಸದಿಂದ ಹೊರಗುಳಿಯುತ್ತಾರೆ. ವಂಶಾವಳಿ ಹಿಡಿದು ಚರಿತ್ರೆಯ ಹಕ್ಕು ಕೇಳುವವರ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಹೊತ್ತಿಗಾಗಲೇ ಸರಣಿಯವರೇ ದಾರಿ ಸಡಿಲಿಸಿದ್ದರು. 2017ರ ‘ಒರಿಜಿನ್ಸ್’ನಲ್ಲಿ ಈಜಿಪ್ಟಿನ ಮಮ್ಮಿಯೊಂದರ ವಂಶವಾಹಿಯನ್ನು ಸಂಬಂಧವೇ ಇಲ್ಲದ ಸಂಶೋಧಕಿ ಓದುತ್ತಾಳೆ.

ಇಷ್ಟಾದರೂ ಸರಣಿ ಒಂದು ಸತ್ಯವನ್ನು ಮೊದಲಿನಿಂದ ಮುಚ್ಚಿಟ್ಟಿಲ್ಲ: ಯಂತ್ರಕ್ಕೊಬ್ಬ ಯಜಮಾನನಿದ್ದಾನೆ. ಡೆಸ್ಮಂಡನ ಅಜ್ಜಂದಿರ ಬಗ್ಗೆ ಆಬ್‌ಸ್ಟರ್ಗೊಗೆ ಯಾವ ಅಕ್ಕರೆಯೂ ಇಲ್ಲ. ಅದಕ್ಕೆ ಬೇಕಾದದ್ದು ಅವರು ಅಡಗಿಸಿಟ್ಟ ವಸ್ತು. 2013ರ ‘ಬ್ಲ್ಯಾಕ್ ಫ್ಲ್ಯಾಗ್’ನಲ್ಲಂತೂ ಆಟಗಾರನೇ ಆಬ್‌ಸ್ಟರ್ಗೊದ ಮನರಂಜನಾ ವಿಭಾಗದ ಗುಮಾಸ್ತ. ಮಾಂಟ್ರಿಯಲ್ಲಿನ ಕಚೇರಿಯಲ್ಲಿ ಕೂತು, ಕಡಲ್ಗಳ್ಳ ಎಡ್ವರ್ಡ್ ಕೆನ್ವೇಯ ಬದುಕನ್ನು ಸರಕಾಗಿ ಸೋಸಿ ಕೊಡುವುದು ಅವನ ಸಂಬಳದ ಕೆಲಸ. ಆಟ ಮಾಡಿದವರ ಕಚೇರಿ ಇರುವುದೂ ಮಾಂಟ್ರಿಯಲ್ಲಿನಲ್ಲೇ. ತಮ್ಮನ್ನು ತಾವೇ ಇಷ್ಟು ಚೆನ್ನಾಗಿ ಗೇಲಿ ಮಾಡಿಕೊಂಡದ್ದು ಕಡಿಮೆ.

ಈ ಯಜಮಾನನ ಪ್ರಶ್ನೆಯನ್ನೇ ನಡುಮನೆಗೆ ತಂದು ಕೂರಿಸಿದ ಆಟ ಬೇರೊಂದಿದೆ. ಲೂಕಸ್ ಪೋಪ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಕಟ್ಟಿ, 2018ರಲ್ಲಿ ಹೊರತಂದ ‘ರಿಟರ್ನ್ ಆಫ್ ದ ಒಬ್ರಾ ಡಿನ್’. ಈ ಬಗೆಯ ಆಟಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇದನ್ನೇ. 1802ರಲ್ಲಿ ಲಂಡನ್ನಿನಿಂದ ಪೂರ್ವದೇಶಗಳತ್ತ ಹೊರಟ ಒಬ್ರಾ ಡಿನ್ ಎಂಬ ಹಡಗು ಕಾಣೆಯಾಗಿತ್ತು. 1807ರ ಅಕ್ಟೋಬರಿನ ಒಂದು ಬೆಳಿಗ್ಗೆ ಅದು ಫಾಲ್ಮತ್ ಬಂದರಿಗೆ ತಾನಾಗಿ ತೇಲಿಬರುತ್ತದೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿ ಕಳಿಸಿದ ವಿಮಾ ತನಿಖಾಧಿಕಾರಿ. ಕೈಯಲ್ಲೊಂದು ಜೇಬುಗಡಿಯಾರ, ಒಂದು ದಪ್ಪ ಪುಸ್ತಕ.

ಹೆಣದ ಪಕ್ಕದಲ್ಲಿ ಗಡಿಯಾರ ತೆರೆದರೆ ಮೊದಲು ಕತ್ತಲೆ. ಕತ್ತಲೆಯಲ್ಲಿ ಸಾವಿಗೆ ಮುಂಚಿನ ಕೆಲವು ಕ್ಷಣಗಳ ಸದ್ದು, ತುಂಡು ಮಾತು, ಹೆಜ್ಜೆ, ಗುಂಡಿನ ಶಬ್ದ. ಆಮೇಲೆ ಪ್ರಾಣ ಹೋದ ಆ ಒಂದೇ ಕ್ಷಣ ಕಲ್ಲಿನಂತೆ ನಿಂತ ದೃಶ್ಯವಾಗಿ ತೆರೆದುಕೊಳ್ಳುತ್ತದೆ. ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಂತೆ ಎರಡೇ ಬಣ್ಣ. ಅದರೊಳಗೆ ಓಡಾಡಬಹುದು, ಯಾವುದನ್ನೂ ಕದಲಿಸಲಾಗದು. ಗಡಿಯಾರ ಸುಳ್ಳು ಹೇಳುವುದಿಲ್ಲ. ಹಾಗಂತ ಅದು ಏನನ್ನಾದರೂ ಹೇಳುತ್ತದೆಯೇ ಎಂದರೆ, ಅದೂ ಇಲ್ಲ. ಸತ್ತವನ ಹೆಸರು ಎಲ್ಲೂ ಬರೆದಿಲ್ಲ. ಅರವತ್ತು ಜನರ ಪಟ್ಟಿ, ಹಡಗಿನ ಚಿತ್ರಗಾರ ಬರೆದ ಗುಂಪುಚಿತ್ರ, ಹಡಗಿನ ನಕ್ಷೆ, ಇಷ್ಟೇ ಆಧಾರ. ಮಲಗುವ ಜೋಲಿಗೆ ತಗುಲಿಸಿದ ಸಂಖ್ಯೆ, ಹೊದಿಕೆಯಿಂದ ಹೊರಚಾಚಿದ ಬೂಟು, ಒಂದು ಉಚ್ಚಾರಣೆ, ಯಾರು ಯಾರ ಪಕ್ಕ ಊಟಕ್ಕೆ ಕೂರುತ್ತಿದ್ದರು ಎಂಬ ವಿವರ: ಇವುಗಳಿಂದ ‘ಇವನು ಇಂಥವನಿರಬಹುದು’ ಎಂದು ಊಹಿಸಬೇಕು. ಮೂರು ಜನರ ಗತಿ ಸರಿಯಾಗಿ ತುಂಬಿದ ಮೇಲಷ್ಟೇ ಪುಸ್ತಕ ‘ಹೌದು’ ಎನ್ನುತ್ತದೆ.

ಕಣ್ಣಾರೆ ಕಂಡ ಮೇಲೂ ಉಳಿದುಬಿಡುವ ಈ ಕೆಲಸವೇ ಇತಿಹಾಸಕಾರನ ಕೆಲಸ. ಆನಿಮಸ್ ನುಂಗಿಹಾಕಿದ ‘ಇರಬಹುದು’ ಇಲ್ಲಿ ಪೂರ್ತಿ ವಾಪಸು ಬಂದಿದೆ, ಅದೂ ಅದಕ್ಕಿಂತ ಬಲವಾದ ಯಂತ್ರ ಕೈಯಲ್ಲಿರುವಾಗ.

ಇನ್ನು ಪುಸ್ತಕ. ಅದು ಕೇಳುವುದು ಮೂರು: ಯಾರು, ಹೇಗೆ ಸತ್ತ, ಕೊಂದವರಿದ್ದರೆ ಯಾರು. ಯಾಕೆ ಎಂಬ ಕಲಮಿಲ್ಲ. ಕಂಪನಿಗೆ ಅದು ಬೇಕಾಗಿಯೂ ಇಲ್ಲ. ಕೊನೆಗೆ ನೀವು ಬರೆದದ್ದರ ಮೇಲೆ ಸತ್ತವರ ಮನೆಯವರಿಗೆ ಪರಿಹಾರವೋ ದಂಡವೋ ತೀರ್ಮಾನವಾಗುತ್ತದೆ. ಗೆಳೆಯನನ್ನು ಉಳಿಸಲು ಕೈಯೆತ್ತಿದವನೂ ದುರಾಸೆಗೆ ಕೊಂದವನೂ ಆ ಕಾಲಂನಲ್ಲಿ ಒಂದೇ. ಹಡಗಿನಲ್ಲಿ ಭಾರತದ ಖಲಾಸಿಗಳೂ ಇದ್ದಾರೆ. ಅವರಲ್ಲಿಬ್ಬರು, ಸಾಲೊಮನ್ ಸೈಯದ್, ರೆನ್‌ಫ್ರೆಡ್ ರಜಬ್, ಕಾಯಿಲೆಯಿಂದ ಸಾಯುತ್ತಾರೆ. ಅರ್ಧ ಇಂಗ್ಲಿಷ್, ಅರ್ಧ ಮುಸ್ಲಿಂ ಆದ ಆ ಹೆಸರುಗಳನ್ನು ಓದುವಾಗ, ಅವು ಅವರ ತಾಯಿ ಇಟ್ಟವೋ ಹಾಜರಿ ಬರೆದ ಗುಮಾಸ್ತ ಇಟ್ಟವೋ ಎಂಬ ಅನುಮಾನ ನನಗಂತೂ ಹೋಗಲಿಲ್ಲ. ಗಡಿಯಾರಕ್ಕೆ ಅದನ್ನು ತೋರಿಸಲು ಬರುವುದಿಲ್ಲ.

ಈ ಆಟದ ಅಧಿಕಾರಿ ಕಾಲ್ಪನಿಕ, ಅವನ ಕಂಪನಿ ಅಲ್ಲ. ಅದೇ ವರ್ಷಗಳಲ್ಲಿ ಅದೇ ಕಂಪನಿ ನಮ್ಮ ಸೀಮೆಯಲ್ಲೂ ಕಳೆದ ಕಾಲವನ್ನು ಬರೆಸಿಕೊಳ್ಳುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೆ ಮೈಸೂರು ಸೀಮೆಯ ಸರ್ವೆಗೆ ಕಾಲಿನ್ ಮೆಕೆಂಜಿ ನೇಮಕವಾದ. ಅವನ ಕಡೆಯ ಕಾವಲಿ ವೆಂಕಟ ಬೋರಯ್ಯನಂಥವರು ಊರೂರು ತಿರುಗಿದರು. ಶಾಸನದ ಪ್ರತಿ ಮಾಡಿದರು, ಊರಿನವರ ಬಾಯಿಂದ ಊರಿನ ಹಳೆಯ ಸಂಗತಿ ಕೇಳಿ ಕೈಫಿಯತ್ತುಗಳಾಗಿ ಬರೆಸಿದರು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟವನ್ನು ತಿರುವಿದವರಿಗೆ ಅವುಗಳ ರುಚಿ ಗೊತ್ತು: ಪಾಳೆಯಗಾರನ ವಂಶ, ದೇವರು ಕನಸಿಗೆ ಬಂದದ್ದು, ಕೆರೆ ಕಟ್ಟಿಸಿದ್ದು, ಮಾನ್ಯದ ಲೆಕ್ಕ, ಎಲ್ಲ ಒಂದೇ ಉಸಿರಿನಲ್ಲಿ. ಅಲ್ಲೂ ಕೇಳುವವನ ಮನಸ್ಸಿನಲ್ಲಿ ಭೂಮಿ ಮತ್ತು ಕಂದಾಯದ ಕಾಲಂ ಇತ್ತು. ಆದರೆ ಉತ್ತರಿಸುವವನು ಕಲ್ಲಾಗಿ ನಿಂತ ಹೆಣವಲ್ಲ, ಬಾಯಿದ್ದ ಮನುಷ್ಯ. ತನಗೆ ಬೇಕಾದ್ದನ್ನೂ ಸೇರಿಸಿ ಹೇಳಿದ. ಕಾಲಂನ ಹೊರಗೆ ಚೆಲ್ಲಿದ ಆ ಮಾತೇ ಇವತ್ತು ನಮಗೆ ಹೆಚ್ಚು ಬೆಲೆಯದ್ದು.

ಯಜಮಾನನ ಪ್ರಶ್ನೆಯನ್ನು ನಾಳೆಯ ಕಾಲಕ್ಕೆ ಒಯ್ದ ಆಟ, ಫುಲ್‌ಬ್ರೈಟ್ ಸ್ಟುಡಿಯೊದ ‘ಟಕೋಮಾ’ (2017). 2088ರಲ್ಲಿ, ಜನ ಬಿಟ್ಟುಹೋದ ಅಂತರಿಕ್ಷ ನಿಲ್ದಾಣದಲ್ಲಿ, ಆರು ಕೆಲಸಗಾರರ ಹಳೆಯ ದಿನಗಳು ಬಣ್ಣದ ನೆರಳುಗಳಾಗಿ ಮತ್ತೆ ನಡೆಯುತ್ತವೆ. ಹಿಂದಕ್ಕೆ ಸರಿಸಿ ಒಬ್ಬೊಬ್ಬರ ಬೆನ್ನುಹತ್ತಿ ಬೇರೆ ಬೇರೆ ಕೋಣೆಗೆ ಹೋಗಬಹುದು. ಪಾರ್ಟಿಯ ನಗು ಒಂದು ಕಡೆ, ಮುಚ್ಚಿದ ಬಾಗಿಲ ಹಿಂದಿನ ಅಳು ಇನ್ನೊಂದು ಕಡೆ. ಇದೆಲ್ಲ ದಾಖಲಾದದ್ದು ಹೇಗೆ? ಕಂಪನಿ ಅವರನ್ನು ಹಗಲಿರುಳೂ ನೋಡುತ್ತಿತ್ತು, ಅದಕ್ಕೆ. ಆ ದಾಖಲೆಯೂ ಕಂಪನಿಯ ಆಸ್ತಿ. ‘ಅಂತೆ’ ಇಲ್ಲದ ಹಳೆಯ ಕಾಲ ಬೇಕೆಂದರೆ ಅದಕ್ಕೆ ತೆರಬೇಕಾದ ಬೆಲೆ ಇದು ಎಂದು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಆಟ ನನಗೆ ನೆನಪಾಗುವುದಿಲ್ಲ. 2020ರ ‘ಸೈಬರ್‌ಪಂಕ್ 2077’ರಲ್ಲಿ ಒಬ್ಬರ ಕಣ್ಣು, ಕಿವಿ, ಮೈಯ ಅನುಭವವನ್ನೇ ಮುದ್ರಿಸಿಕೊಂಡು ಇನ್ನೊಬ್ಬರು ಹೊಕ್ಕು ನೋಡುವ ‘ಬ್ರೇನ್‌ಡಾನ್ಸ್’ ಇದೆ. ಮುದ್ರಿಸಿಕೊಂಡವಳು ಗಮನಿಸದೇ ಹೋದದ್ದನ್ನೂ ಅಲ್ಲಿ ಹುಡುಕಿ ತೆಗೆಯಬಹುದು. ಅವಳು ಕಾಣದ್ದು ಅವಳ ನೆನಪಾಗುವುದು ಹೇಗೆ ಎಂದು ಮಾತ್ರ ಆಟ ಕೇಳಿಕೊಳ್ಳುವುದಿಲ್ಲ.

ಪತ್ತೇದಾರಿ ಆಟಗಳ ಯಂತ್ರಗಳ ಬಗ್ಗೆ ಹೆಚ್ಚು ಹೇಳಲಾರೆ. ‘ಬ್ಯಾಟ್‌ಮನ್: ಆರ್ಕಮ್ ಒರಿಜಿನ್ಸ್’ನಲ್ಲಾಗಲಿ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ನಲ್ಲಾಗಲಿ ನಾಯಕ ಕೊಲೆ ನಡೆದ ಜಾಗದಲ್ಲಿ ನಾಲ್ಕು ಗುರುತು ಹುಡುಕಿದರೆ ಸಾಕು, ಇಡೀ ಕೊಲೆ ಗಾಳಿಯಲ್ಲಿ ಗೊಂಬೆಯಾಟದಂತೆ ನಡೆದು ತೋರಿಸುತ್ತದೆ. ಪಂಚರಿಲ್ಲ, ತಕರಾರಿಲ್ಲ. ನಮ್ಮ ಪೊಲೀಸರ ಸ್ಥಳ ಮಹಜರಿಗೆ ಎಷ್ಟೇ ಅಪಖ್ಯಾತಿಯಿದ್ದರೂ ಅದರ ಕೆಳಗೆ ರುಜು ಹಾಕಿದವರನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡಬಹುದು.

ಒಂದು ಆಕ್ಷೇಪವಿದೆ, ಅದನ್ನು ದಾಟಿ ಹೋಗಲಾಗದು. ‘ಅಂತೆ’ಯನ್ನು ಇಷ್ಟು ಹೊಗಳುತ್ತೀರಲ್ಲ, ಅಂತೆಕಂತೆಗಳು ಜನರನ್ನು ಕೊಂದಿವೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ನಡೆದದ್ದನ್ನು ನಡೆದಂತೆ ತೋರಿಸುವ ಯಂತ್ರವೊಂದು ಇದ್ದಿದ್ದರೆ ಎಂದು ಅಂಥ ಹೊತ್ತಿನಲ್ಲಿ ಯಾರಿಗೆ ಅನ್ನಿಸುವುದಿಲ್ಲ? ಆ ಆಸೆಯನ್ನು ನಾನು ಹೀಗಳೆಯಲಾರೆ. ಕಾಣೆಯಾದ ಮಗನ ಕೊನೆಯ ಗಳಿಗೆ ಏನಾಯಿತೆಂದು ಕೇಳುವ ತಾಯಿಗೆ ‘ಅಂತೆ’ಯ ಸೊಗಸು ವಿವರಿಸಲು ಯಾರಿಗೂ ಬಾಯಿ ಬರುವುದಿಲ್ಲ.

ಆದರೆ ಆ ವರ್ಷದ ವದಂತಿ ಹರಡಿದ ಬಗೆಯನ್ನೂ ನೋಡಿ. ದೇಶದ ತುಂಬ ಮೊಬೈಲಿನಿಂದ ಮೊಬೈಲಿಗೆ ಹಾರಿದ ವಿಡಿಯೊಗಳಲ್ಲೊಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಚಿತ್ರಿಸಿದ್ದ ತುಣುಕು. ಬೈಕಿನವನು ಮಗುವನ್ನು ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಅವನೇ ಮಗುವನ್ನು ವಾಪಸು ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ನೋಡಿದವರು ‘ಕದ್ದರಂತೆ’ ಎಂದುಕೊಳ್ಳಲಿಲ್ಲ. ಕಣ್ಣಾರೆ ಕಂಡೆವು ಎಂದುಕೊಂಡರು. ಹೇಳಿದವರು ಯಾರು, ಕತ್ತರಿಸಿದವರು ಯಾರು ಎಂದು ಕೇಳಲು ಎದುರಿಗೆ ಯಾರೂ ಇರಲಿಲ್ಲ. ನೆರೆಮನೆಯಾಕೆ ಬಂದು ಹೇಳಿದ್ದರೆ ‘ನಿನಗ್ಯಾರೇ ಹೇಳಿದರು’ ಎಂದು ಕೇಳುತ್ತಿದ್ದ ಜನವೇ ಅವರು.

ಮತ್ತೆ ಆ ರಾಜಕುಮಾರನ ಕಡೆಗೆ. ‘ಸ್ಯಾಂಡ್ಸ್ ಆಫ್ ಟೈಮ್’ನಲ್ಲೂ ಒಂದು ಯಂತ್ರವಿದೆ, ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿ. ಕೊನೆಯಲ್ಲಿ ಅವನು ಅದನ್ನು ಬಳಸಿ ಎಲ್ಲವನ್ನೂ ಮೊದಲಿಗೆ ತರುತ್ತಾನೆ. ಯುದ್ಧ ಆಗಿಲ್ಲ, ಅರಮನೆ ಬಿದ್ದಿಲ್ಲ, ಅವನ ಜೊತೆ ಹೋರಾಡಿ ಸತ್ತ ಭಾರತದ ಮಹಾರಾಜನ ಮಗಳು ಫರಾ ಸತ್ತಿಲ್ಲ. ಅವಳು ಅವನನ್ನು ಕಂಡೇ ಇಲ್ಲ. ನಡುರಾತ್ರಿ ಅವಳ ಕೋಣೆಗೆ ನುಗ್ಗಿ ಅವನು ಹೇಳುತ್ತಿದ್ದ ಕಥೆಯೇ ನಾವು ಅಷ್ಟು ಹೊತ್ತು ಆಡಿದ ಆಟ. ಸಾಕ್ಷಿಯೆಂದು ತೋರಿಸಲು ಅವನ ಬಳಿ ಏನೂ ಇಲ್ಲ, ಏಕೆಂದರೆ ಈಗ ಅದೆಲ್ಲ ನಡೆದೇ ಇಲ್ಲ. ಇಂಥ ಕಟ್ಟುಕಥೆಯನ್ನು ಯಾಕೆ ಹೇಳಿದೆ ಎಂದು ಅವಳು ಕೇಳುತ್ತಾಳೆ. ಹೊರಡುವಾಗ ಅವನು ಒಂದೇ ಒಂದು ಪದ ಹೇಳಿ ಹೋಗುತ್ತಾನೆ. ಕತ್ತಲಿಗೆ ಹೆದರುತ್ತಿದ್ದ ಅವಳಿಗೆ, ಇದನ್ನು ಅಂದುಕೊಂಡರೆ ಬಾಗಿಲು ತೆರೆಯುತ್ತದೆ ಎಂದು ಬಾಲ್ಯದಲ್ಲಿ ತಾಯಿ ಕಲಿಸಿದ್ದ ಗುಟ್ಟಿನ ಪದ. ಆಟದಲ್ಲಿ ಅದು ಕೇಳಿಸುವುದು ‘ಕಾಕೊಲೂಕಿಯಾ’ ಎಂದು.

ಪಂಚತಂತ್ರ ಓದಿದವರ ಕಿವಿ ಇಲ್ಲಿ ನಿಮಿರುತ್ತದೆ. ಕಾಕೋಲೂಕೀಯ, ಅದರ ಮೂರನೆಯ ತಂತ್ರ, ಕಾಗೆ ಗೂಬೆಗಳ ಯುದ್ಧ. ತನ್ನವರೇ ಹೊಡೆದು ಹೊರಹಾಕಿದರು ಎಂದು ಒಂದು ಮುದಿ ಕಾಗೆ ಗೂಬೆಗಳ ಬಳಿ ಬಂದು ಅತ್ತು ಕಥೆ ಹೇಳುತ್ತದೆ. ಮೈಮೇಲಿನ ಗಾಯ ತೋರಿಸುತ್ತದೆ. ಗೂಬೆಗಳ ರಾಜ ಕಣ್ಣಾರೆ ಕಂಡು ನಂಬುತ್ತಾನೆ. ರಕ್ತಾಕ್ಷನೆಂಬ ಮಂತ್ರಿ ಒಬ್ಬನೇ ನಂಬಬೇಡ ಎನ್ನುತ್ತಾನೆ.